‘ಬಿಡ್ತು ಅನ್ನು’ ಎನ್ನುವ ಮುನ್ನ



ಬೆಳೆಯ ಎಲೆ ಹಳದಿಯಾದರೆ ನೀವು ಅದನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು, ಬಸ್ಸು ಹತ್ತಿ ನಮ್ಮ ಕೇಂದ್ರಕ್ಕೆ ಬರುತ್ತೀರಿ. ಹತ್ತು ಜನರ ಎದುರಿಗೇ ‘ಇದಕ್ಕೇನಾಗಿದೆ ನೋಡಿ’ ಎಂದು ಕೇಳುತ್ತೀರಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಹಸು ಮೇವು ಬಿಟ್ಟರೆ ರಾತ್ರಿಯಾದರೂ ಸರಿ, ಪಶುವೈದ್ಯರ ಬಾಗಿಲು ತಟ್ಟುತ್ತೀರಿ. ಆದರೆ ಮನೆಯ ಯಜಮಾನನೇ ಅನ್ನ ಬಿಟ್ಟು, ನಿದ್ದೆ ಬಿಟ್ಟು, ಜಗಲಿಯ ಮೂಲೆ ಹಿಡಿದರೆ ಆ ವಿಷಯ ಹೊಸ್ತಿಲು ದಾಟುವುದಿಲ್ಲ. ತಳಿ, ಗೊಬ್ಬರ, ಬಿತ್ತನೆಯ ಕಾಲ ಎಂದು ಬರೆಯುವ ನಾನು ಈ ಸಲ ಈ ಮಾತನ್ನು ಎತ್ತಲು ಕಾರಣವಿದೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ ಮಳೆಯಾಶ್ರಿತ ಶೇಂಗಾ ಬೆಳೆಯುವ ಒಂದು ಹಳ್ಳಿಗೆ ಹೋಗಿದ್ದೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲಿ ಮಳೆ ಕೈಕೊಟ್ಟಿತ್ತು. ಸುಮಾರು ಐವತ್ತು ವರ್ಷದ ಒಬ್ಬ ರೈತರು ಹೊಲವನ್ನೆಲ್ಲ ತೋರಿಸಿ, ನನ್ನನ್ನು ಜೀಪಿನವರೆಗೆ ಬಿಡಲು ಬಂದರು. ಅವರ ಎರಡು ಕೊಳವೆ ಬಾವಿಗಳೂ ಬತ್ತಿದ್ದವು. ಜೀಪಿನ ಬಾಗಿಲು ಹಿಡಿದು, ‘ಇನ್ನು ನಾನು ಇದ್ದು ಏನು ಪ್ರಯೋಜನ ಸಾರ್’ ಎಂದರು.

ನಾನು, ‘ಛೆ, ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನಿ. ಮುಂದೆ ಮಳೆ ಬಂದರೆ ಹುರುಳಿ ಹಾಕಿ’ ಎಂದು ಹೇಳಿ ಹೊರಟೆ. ಹುರುಳಿಯ ಸಲಹೆ ಸರಿಯಾಗಿಯೇ ಇತ್ತು. ಆದರೆ ಅವರು ಆಡಿದ್ದು ಬೆಳೆಯ ಮಾತಾಗಿರಲಿಲ್ಲ.

ಮುಂದಿನ ವರ್ಷ ಅವರು ಕೃಷಿ ಮೇಳದಲ್ಲಿ ಸಿಕ್ಕರು. ‘ಅವತ್ತು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅಂತಿದ್ದೆ ಸಾರ್. ನೀವು ಹುರುಳಿ ಮಾತು ತೆಗೆದಿರಿ’ ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಅದೇ ವಾರ ಅವರ ಅಕ್ಕನ ಗಂಡ ಊರಿಗೆ ಬಂದಿದ್ದರಂತೆ. ಮುಖ ನೋಡಿ, ಪಕ್ಕದಲ್ಲಿ ಕುಳಿತು, ‘ಸಾಯೋ ಯೋಚನೆ ಏನಾದರೂ ಬಂದಿದೆಯೇನೋ?’ ಎಂದು ನೇರವಾಗಿ ಕೇಳಿದರಂತೆ. ಇವರು ಎಲ್ಲವನ್ನೂ ಹೇಳಿ ಅತ್ತರು. ಭಾವ ನಾಲ್ಕು ದಿನ ಅಲ್ಲೇ ಉಳಿದು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು, ಬ್ಯಾಂಕಿಗೂ ಜೊತೆಯಲ್ಲಿ ಹೋದರು. ಸಾಲ ಇನ್ನೂ ತೀರಿಲ್ಲ. ಆದರೆ ಅವರಿದ್ದಾರೆ, ಆ ವರ್ಷವೂ ಬಿತ್ತಿದ್ದರು.

ಬಾಯಿ ಮುಚ್ಚಿಸುವ ಮಾತು

ಕೆಟ್ಟ ಮಾತು ಆಡಿದರೆ ಅಸ್ತು ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆ ಎಂಬ ನಂಬಿಕೆ ನಮ್ಮಲ್ಲಿದೆ. ಅದಕ್ಕೇ ಹಿರಿಯರು ‘ಬಿಡ್ತು ಅನ್ನು’ ಎನ್ನುತ್ತಾರೆ. ಅದು ಪ್ರೀತಿಯಿಂದ ಬಂದ ಮಾತು. ಆದರೆ ಕೇಳಿದವನಿಗೆ ತಿಳಿಯುವುದು ‘ಇದನ್ನು ಇಲ್ಲಿ ಆಡಬೇಡ’ ಎಂದಷ್ಟೇ. ಆತ ಮಾತನ್ನು ನುಂಗುತ್ತಾನೆ. ಯೋಚನೆ ಮಾತ್ರ ಒಳಗೇ ಉಳಿಯುತ್ತದೆ.

‘ಗಂಡಸಾಗಿ ಅಳುವುದೇ?’, ‘ಮನೆಯ ಗುಟ್ಟು ಬೀದಿಗೆ ಬರಬಾರದು’ ಎಂಬ ಮಾತುಗಳೂ ಇದೇ ಕೆಲಸ ಮಾಡುತ್ತವೆ. ಇವುಗಳ ಹಿಂದಿನ ಭಯ ಸುಳ್ಳಲ್ಲ. ಸುದ್ದಿ ಹಬ್ಬಿದರೆ ಮಗಳ ಸಂಬಂಧ ತಪ್ಪಬಹುದು, ಕೈಸಾಲ ಕೊಟ್ಟವರು ಮರುದಿನವೇ ಬಾಗಿಲಿಗೆ ಬರಬಹುದು. ಆದ್ದರಿಂದ ಊರಿಗೆಲ್ಲ ಹೇಳಬೇಕಾಗಿಲ್ಲ. ನಂಬಿಕೆಯ ಒಬ್ಬರಿಗೆ ಹೇಳಿದರೆ ಸಾಕು. ಆ ಒಬ್ಬರು ನೀವಾಗಬಹುದು.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ ಎಂದು ಹಲವರು ಹೆದರುತ್ತಾರೆ. ಇಲ್ಲ. ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದು ಅಧ್ಯಯನಗಳಿಂದ ಖಚಿತವಾಗಿದೆ. ಎಷ್ಟೋ ಸಲ ಅದರಿಂದಲೇ ಎದೆಯ ಭಾರ ಇಳಿಯುತ್ತದೆ.

ಸತ್ತ ಮೇಲಿನ ಮಾತು

ಸಾವಾದ ಮೇಲೆ ನಾವೆಲ್ಲರೂ ಮಾತನಾಡುತ್ತೇವೆ. ಕರ್ನಾಟಕ ಸರಕಾರ ರೈತರ ಆತ್ಮಹತ್ಯೆಗಳ ಅಧ್ಯಯನಕ್ಕೆ ನೇಮಿಸಿದ ತಜ್ಞರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಮಾಜಿ ಕುಲಪತಿಗಳಾದ ಡಾ. ಜಿ.ಕೆ. ವೀರೇಶ್ ಅದರ ಅಧ್ಯಕ್ಷರಾಗಿದ್ದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದ ಕೃಷಿ ವಲಯದಲ್ಲಿ ಹೀಗೆ ತೀರಿಕೊಂಡವರು 11,290 ಮಂದಿ. ಅವರಲ್ಲಿ ಸಾಗುವಳಿದಾರರು 5,207, ಕೃಷಿ ಕೂಲಿಕಾರರು 6,083. ಹೊಲದ ಒಡೆಯನಷ್ಟೇ ಅಲ್ಲ, ಅವನ ಜೊತೆ ಕಳೆ ತೆಗೆಯುವವರೂ ಈ ಲೆಕ್ಕದಲ್ಲಿದ್ದಾರೆ. ವರದಿಗಳು, ಪರಿಹಾರ ಎಲ್ಲವೂ ಬೇಕು. ಆದರೆ ಬದುಕಿದ್ದಾಗ ಒಬ್ಬರು ಪಕ್ಕದಲ್ಲಿ ಕುಳಿತು ಕೇಳುವುದಕ್ಕೆ ಅವು ಬದಲಿಯಾಗಲಾರವು.

ಕಾನೂನಿನ ಭಯ

ಹಿಂದೆ ಆತ್ಮಹತ್ಯೆಯ ಯತ್ನ ಶಿಕ್ಷಾರ್ಹ ಅಪರಾಧವಾಗಿತ್ತು. ಪೊಲೀಸರ ಭಯಕ್ಕೆ ಮನೆಯವರು ಆಸ್ಪತ್ರೆಯಲ್ಲೂ ನಿಜ ಹೇಳುತ್ತಿರಲಿಲ್ಲ. ಚಿಕಿತ್ಸೆಯ ಅಮೂಲ್ಯ ಹೊತ್ತು ಕಳೆದುಹೋಗುತ್ತಿತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಅಂಥವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಪರಿಗಣಿಸಿ, ಅವರ ಆರೈಕೆಯನ್ನು ಸರಕಾರದ ಹೊಣೆ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಆ ಕಲಮು ಇಲ್ಲ. ಸರಕಾರಿ ನೌಕರರ ಮೇಲೆ ಒತ್ತಡ ತರಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆದ್ದರಿಂದ ವೈದ್ಯರ ಮುಂದೆ ನಿಜ ಹೇಳಲು ಹಿಂಜರಿಯಬೇಡಿ.

ಮಾತಿನಿಂದ ಸಾಲ ತೀರುತ್ತದೆಯೇ?

ತೀರುವುದಿಲ್ಲ. ಮಳೆಯೂ ಬರುವುದಿಲ್ಲ, ಬೆಲೆಯೂ ಏರುವುದಿಲ್ಲ. ರೈತನ ಸಂಕಟವೆಲ್ಲ ಮನಸ್ಸಿನದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ನ್ಯಾಯವಾದ ಬೆಲೆಗೆ, ಸಕಾಲದ ಸಾಲಕ್ಕೆ ಬೇರೆ ಹೋರಾಟವೇ ಬೇಕು.

ಆದರೆ ಬಾಯಿ ಮುಚ್ಚಿಕೊಂಡವನಿಗೆ ಇರುವ ದಾರಿಗಳೂ ತಪ್ಪುತ್ತವೆ. ಆಲಿಕಲ್ಲು ಬಿದ್ದರೆ, ಹೊಲಕ್ಕೆ ನೀರು ನುಗ್ಗಿದರೆ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಮೂಲೆ ಹಿಡಿದು ಕುಳಿತವನಿಗೆ ಆ ಮೂರು ದಿನ ಕಳೆದದ್ದೇ ತಿಳಿಯುವುದಿಲ್ಲ. ಬೆಳೆಸಾಲದ ಅವಧಿ ವಿಸ್ತರಣೆಗೂ ಬ್ಯಾಂಕಿಗೆ ಹೋಗಿ ಬಾಯಿ ಬಿಟ್ಟು ಕೇಳಬೇಕು. ಜೊತೆಗೊಬ್ಬರಿದ್ದರೆ ಆ ಮೆಟ್ಟಿಲು ಹತ್ತುವುದು ಸುಲಭ.

ಏನು ಮಾಡಬೇಕು?

ಮಧ್ಯಾಹ್ನದ ಬಿಸಿಲಿಗೆ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡರೆ ನೀವು ಹೆದರುವುದಿಲ್ಲ. ಬೆಳಗಿನ ತಂಪಿನಲ್ಲೂ ಬಾಡಿಯೇ ಇದ್ದರೆ ಬೇರಿನತ್ತ ನೋಡುತ್ತೀರಿ. ಮನುಷ್ಯನ ವಿಷಯದಲ್ಲೂ ಹಾಗೆಯೇ. ಬೆಳೆ ಹೋದಾಗ ದುಃಖ ಸಹಜ. ಆದರೆ ಕೆಳಗಿನವುಗಳನ್ನು ಗಮನಿಸಿ:

1. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸದ ಮೇಲಿನ ಆಸೆ ಮರಳದಿದ್ದರೆ, ಕುಡಿತ ಹೆಚ್ಚಿದರೆ, ಜನರಿಂದ ದೂರ ಸರಿದರೆ ಅಲಕ್ಷಿಸಬೇಡಿ. ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

2. ಒಬ್ಬರೇ ಇರುವಾಗ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ. ಬುದ್ಧಿವಾದ ಹೇಳಬೇಡಿ, ಬೇರೆಯವರಿಗೆ ಹೋಲಿಸಬೇಡಿ. ಅವರು ಮುಗಿಸುವವರೆಗೆ ಕೇಳಿಸಿಕೊಳ್ಳಿ.

3. ‘ಹೌದು’ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕವನ್ನು ಅವರ ಕೈಗೆ ಸಿಗದಂತೆ ಬೇರೆಡೆ ಬೀಗದಲ್ಲಿಡಿ, ಬೀಗದ ಕೈ ಇನ್ನೊಬ್ಬರಲ್ಲಿರಲಿ.

4. ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಕನ್ನಡದಲ್ಲೂ ಇದೆ.

5. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಜೊತೆಯಲ್ಲಿ ಹೋಗಿ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಯೋಜನೆಯ ಮಾದರಿಯನ್ನು ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಆರಂಭಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಅಲ್ಲಿಗೆ ಹೋಗುವುದು ಹುಚ್ಚಿನ ಗುರುತಲ್ಲ.

ಈ ಲೇಖನ ಓದುತ್ತಿರುವಾಗ ನಿಮಗೆ ನಿಮ್ಮದೇ ನೆನಪಾಗಿದ್ದರೆ, ಇವತ್ತೇ ಒಬ್ಬರಿಗೆ ಹೇಳಿ. ನಮ್ಮ ಕೇಂದ್ರಕ್ಕೆ ಬಂದರೂ ಆಯಿತು. ಎಲೆ ತಂದಾಗ ಕೂರಿಸಿ ಕೇಳುವಂತೆಯೇ ಕೂರಿಸಿ ಕೇಳುತ್ತೇವೆ. ಹುರುಳಿಯ ಮಾತು ಆಮೇಲೆ.