ನಾಳೆಯನ್ನು ಅಡವಿಡದ ಬದುಕು

ಒತ್ತಡ ಇಳಿಸುವುದೇ ಈಗ ದೊಡ್ಡ ವ್ಯಾಪಾರ. ಉಸಿರಾಟ ಕಲಿಸುವ ಆ್ಯಪ್, ವಾರಾಂತ್ಯದ ಧ್ಯಾನ ಶಿಬಿರ, ಮಲೆನಾಡಿನ ಹೋಂಸ್ಟೇ, ಕಚೇರಿಯವರೇ ಏರ್ಪಡಿಸುವ ಯೋಗ ತರಗತಿ, ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಇವು ನಿಷ್ಪ್ರಯೋಜಕ ಎನ್ನಲಾರೆ. ನಿಧಾನವಾಗಿ ಉಸಿರೆಳೆದು ಬಿಟ್ಟರೆ ಎದೆಬಡಿತ ಇಳಿಯುವುದು ನಿಜ, ಎರಡು ದಿನ ಕಾಡಿನ ಗಾಳಿ ಕುಡಿದು ಬಂದರೆ ನಿದ್ದೆ ಚೆನ್ನಾಗಿ ಬರುವುದೂ ನಿಜ. ಆದರೆ ಸೋಮವಾರ ಬೆಳಿಗ್ಗೆ ಹಳೆಯ ಒತ್ತಡ ಹಾಗೆಯೇ ಕಾದಿರುತ್ತದೆ. ಅದನ್ನು ಇಳಿಸುವ ಉಪಾಯಗಳ ಬಗ್ಗೆ ಇಷ್ಟೊಂದು ಮಾತಾಡುವ ನಾವು, ಅದು ಹುಟ್ಟುವ ಜಾಗದ ಬಗ್ಗೆ ಮಾತಾಡುವುದು ಕಡಿಮೆ. ನನಗೆ ಕಾಣುವಂತೆ ಮಧ್ಯಮವರ್ಗದ ದಿನನಿತ್ಯದ ಒತ್ತಡದಲ್ಲಿ ಹೆಚ್ಚಿನ ಪಾಲು ಇಂದಿನ ಕೆಲಸದಿಂದ ಹುಟ್ಟಿದ್ದಲ್ಲ. ನಾಳೆಯ ಸಂಬಳ, ನಾಳೆಯ ಸಂಜೆ, ನಾಳೆಯ ನಿದ್ದೆಯನ್ನು ಇಂದೇ ಯಾರಿಗೋ ಬರೆದುಕೊಟ್ಟಿದ್ದರಿಂದ ಹುಟ್ಟಿದ್ದು.

ಮೊದಲು ದೇಹದ ಕಥೆ ನೋಡೋಣ. ಅಪಾಯ ಎದುರಾದಾಗ ಪ್ರಾಣಿ ಹೋರಾಡಲು ಇಲ್ಲವೇ ಓಡಲು ಹೇಗೆ ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಅನ್ನ ಅರಗುವುದು ನಿಧಾನವಾಗುತ್ತದೆ. ಇದು ಬಹುಕಾಲ ಮುಂದುವರಿದರೆ ದೇಹವೇ ಸೋಲುತ್ತದೆ ಎಂಬುದನ್ನು ಹಾನ್ಸ್ ಸೆಲ್ಯೆ 1936ರಿಂದಾಚೆಗೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಒತ್ತಡವೆಲ್ಲ ಕೆಟ್ಟದ್ದಲ್ಲ ಎಂದು ಹೇಳಿದವರೂ ಅವರೇ. ಪರೀಕ್ಷೆಯ ಹಿಂದಿನ ರಾತ್ರಿಯ ತಳಮಳ, ವೇದಿಕೆ ಹತ್ತುವ ಮುನ್ನ ಬೆವರುವ ಅಂಗೈ, ಸುಗ್ಗಿಯ ದಿನಗಳ ಓಡಾಟ ನಮ್ಮನ್ನು ಚುರುಕಾಗಿಸುತ್ತವೆ. ಅವುಗಳಿಗೆ ಒಂದು ಕೊನೆ ಇರುತ್ತದೆ. ಪರೀಕ್ಷೆ ಮುಗಿಯುತ್ತದೆ, ಕಣದ ರಾಶಿ ಮನೆ ಸೇರುತ್ತದೆ. ಜೀಬ್ರಾಕ್ಕೆ ಹೊಟ್ಟೆಹುಣ್ಣು ಏಕೆ ಆಗುವುದಿಲ್ಲ ಎಂದು ಕೇಳುವ ಹೆಸರಿನಲ್ಲೇ ರಾಬರ್ಟ್ ಸಪೋಲ್ಸ್ಕಿ 1994ರಲ್ಲಿ ಒಂದು ಪುಸ್ತಕ ತಂದರು. ಸಿಂಹ ಅಟ್ಟಿಸಿಕೊಂಡು ಬಂದಾಗ ಜೀಬ್ರಾ ಪ್ರಾಣಭಯದಿಂದ ಓಡುತ್ತದೆ, ತಪ್ಪಿಸಿಕೊಂಡ ಮೇಲೆ ಮೇಯತೊಡಗುತ್ತದೆ. ಮನುಷ್ಯ ಮಾತ್ರ ಇನ್ನೂ ಬಾರದ ಸಿಂಹವನ್ನು ನೆನೆದು ಹಾಸಿಗೆಯಲ್ಲಿ ಹೊರಳಾಡಬಲ್ಲ.

ಹಾಗಾದರೆ ನಮ್ಮ ಸಿಂಹ ಯಾವುದು? ಒಂದು ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಲ್ಲಿ ತಿಂಗಳಿಗೆ 90,000 ರೂಪಾಯಿ ಕೈಗೆ ಬರುವ ಒಂದು ಸಂಸಾರ ಎಂದಿಟ್ಟುಕೊಳ್ಳಿ. ಫ್ಲ್ಯಾಟಿಗೆ 40 ಲಕ್ಷ ಸಾಲ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 34,700 ರೂಪಾಯಿ. ಕಾರಿಗೆ 8 ಲಕ್ಷ; ಶೇ 9ರಲ್ಲಿ ಏಳು ವರ್ಷಕ್ಕೆ ಸುಮಾರು 12,900. ಫೋನಿನ ಕಂತು 2,500. ಸಂಬಳ ಖಾತೆಗೆ ಬಿದ್ದ ವಾರದೊಳಗೆ 50,000ಕ್ಕೂ ಹೆಚ್ಚು ಹೊರಟುಹೋಯಿತು. ಉಳಿದದ್ದರಲ್ಲಿ ದಿನಸಿ, ಪೆಟ್ರೋಲು, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿ, ಜೂನ್ ಬಂತೆಂದರೆ ಶಾಲೆಯ ಫೀಸು. ಇನ್ನು ಆ ಫ್ಲ್ಯಾಟಿನ ಸಾಲ ಪೂರ್ತಿ ತೀರುವಷ್ಟರಲ್ಲಿ ಅಸಲಿಗಿಂತ ಬಡ್ಡಿಯೇ ಹೆಚ್ಚು, 43 ಲಕ್ಷದ ಮೇಲೆ ಕಟ್ಟಿರುತ್ತಾರೆ.

ಇದು ಬಡ ಸಂಸಾರವಲ್ಲ, ದುಂದಿನ ಸಂಸಾರವೂ ಅಲ್ಲ. ನೆಂಟರಿಷ್ಟರು ಇವರನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿರಬಹುದು. ಆದರೆ ದುಡಿಯುವವರ ಸ್ಥಿತಿ ನೋಡಿ. ಮೇಲಿನವರು ರಾತ್ರಿ ಹತ್ತಕ್ಕೆ ಕರೆ ಮಾಡಿದರೆ ಎತ್ತಲೇಬೇಕು. ರಜೆ ಕೇಳುವ ಮೊದಲು ಮುಖ ನೋಡಬೇಕು. ಕಂಪನಿಯಲ್ಲಿ ನಾಲ್ಕು ಜನರನ್ನು ಮನೆಗೆ ಕಳುಹಿಸುತ್ತಾರಂತೆ ಎಂಬ ಗುಸುಗುಸು ಕೇಳಿದರೆ ಊಟ ಸೇರುವುದಿಲ್ಲ. ಅದೇ ಕೆಲಸ, ಅದೇ ಗಂಟೆ, ಅದೇ ಸಂಬಳವಿದ್ದೂ ಕಂತಿನ ಹೊರೆಯಿಲ್ಲದ ಸಹೋದ್ಯೋಗಿ ಸಂಜೆ ಆರಕ್ಕೆ ಬ್ಯಾಗು ಹೆಗಲಿಗೇರಿಸಿ ಹೊರಡಬಲ್ಲ. ಇಬ್ಬರ ನಡುವಿನ ವ್ಯತ್ಯಾಸ ಮನಸ್ಸಿನ ಗಟ್ಟಿತನದ್ದಲ್ಲ. ಒಬ್ಬ ಆರು ತಿಂಗಳು ಕೆಲಸವಿಲ್ಲದೆಯೂ ಇರಬಲ್ಲ, ಇನ್ನೊಬ್ಬ ಆರು ವಾರವೂ ಇರಲಾರ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಹೃದಯಾಘಾತಕ್ಕೆ ಹೆಚ್ಚು ಬಲಿಯಾಗುತ್ತಿದ್ದವರು ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗಳಲ್ಲ, ಕೆಳಗಿನ ಶ್ರೇಣಿಯವರು. ಅದಕ್ಕೆ ಕಾರಣಗಳು ಹಲವು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದಿರುವುದು ಅವುಗಳಲ್ಲೊಂದು ಎಂದು ಮುಂದಿನ ಸಂಶೋಧನೆ ತೋರಿಸಿತು. ಅಂಥ ಹಿಡಿತವನ್ನು ನಾವು ಎಷ್ಟೋ ಸಲ ಸಾಲದ ಕಾಗದಕ್ಕೆ ರುಜು ಹಾಕುವಾಗಲೇ ಬಿಟ್ಟುಕೊಟ್ಟಿರುತ್ತೇವೆ.

ಸಾಕು ಎನ್ನುವುದರ ಬೆಲೆ ಕನ್ನಡದ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಕಳುಹಿಸಿದಳು. ಈ ಕಥೆಯನ್ನು ನಾವು ತ್ಯಾಗದ ಕಥೆಯೆಂದು ಓದುತ್ತೇವೆ. ನನಗೆ ಅದು ಆತ್ಮವಿಶ್ವಾಸದ ಕಥೆಯಾಗಿ ಕಾಣುತ್ತದೆ. ನಾಳೆ ಮತ್ತೆ ಕೈಯಾಡಿಸಿದರೆ ಅಕ್ಕಿ ಸಿಕ್ಕೀತು ಎಂಬ ಭರವಸೆ ಇದ್ದವರು ಮಾತ್ರ ಇಂದಿನ ಹೆಚ್ಚುವರಿಯನ್ನು ಹಿಂದಿರುಗಿಸಬಲ್ಲರು. ಆ ಭರವಸೆಯ ಹಿಂದೆ ಪರಸ್ಪರ ಊಟ ಹಾಕುವ ಶರಣರ ಸಮುದಾಯವೊಂದು ಇತ್ತು ಎಂಬುದನ್ನೂ ಮರೆಯಬಾರದು.

ಇಲ್ಲಿಯೇ ಮೊದಲ ತಕರಾರು ಏಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದೇನೋ ಸರಿ. ಹಾಸಿಗೆಯೇ ಮೊಣಕಾಲಿಗೆ ಮುಗಿಯುವವರು ಏನು ಮಾಡಬೇಕು? 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಸೇರಿದ ಮೇಲೆ ಒಮ್ಮೆ ಪರೀಕ್ಷಿಸಿತು. ಕೈ ಖಾಲಿ ಇದ್ದಾಗ ಅದೇ ರೈತರು ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು, ಹಣ ಬಂದ ಮೇಲೆ ಚೇತರಿಸಿಕೊಂಡರು. ಕೊರತೆ ಎನ್ನುವುದು ತಲೆಯೊಳಗಿನ ಜಾಗವನ್ನೂ ತಿನ್ನುತ್ತದೆ. ಕಬ್ಬು ಕಾರ್ಖಾನೆಗೆ ಹೋದ 14 ದಿನದೊಳಗೆ ಹಣ ಕೊಡಬೇಕೆಂಬ ನಿಯಮ 1966ರಿಂದ ಇದ್ದರೂ ಬಾಕಿಗಾಗಿ ಬೀದಿಗಿಳಿಯುವ ಮಂಡ್ಯ, ಬೆಳಗಾವಿಯ ರೈತರಿಗೆ ಇದನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ಅವರ ಒತ್ತಡಕ್ಕೆ ಮದ್ದು ಸರಳ ಜೀವನದ ಉಪದೇಶವಲ್ಲ, ಹೊತ್ತಿಗೆ ಸರಿಯಾಗಿ ಬರುವ ಹಣ. ಅಗತ್ಯಕ್ಕೆ ತಕ್ಕ ಬದುಕು ಎಂಬ ಮಾತಿಗೆ ಎರಡು ಅಂಚುಗಳಿವೆ. ಅಗತ್ಯ ಮೀರಿದವರಿಗೆ ಅದು ಸಾಕು ಎನ್ನಬೇಕು, ಅಗತ್ಯ ಮುಟ್ಟದವರ ಪರವಾಗಿ ಸಾಲದು ಎನ್ನಬೇಕು.

ಎರಡನೆಯ ತಕರಾರು ಮನೆಯೊಳಗಿನದು. ಅಗತ್ಯ ಯಾವುದೆಂದು ತೀರ್ಮಾನಿಸುವವರು ಯಾರು? ಸರಳವಾಗಿ ಬದುಕೋಣ, ಎಲ್ಲ ಮನೆಯಲ್ಲೇ ಮಾಡಿದರಾಯಿತು ಎಂದು ಗಂಡಸು ಹೇಳಿದಾಗ ಹಿಟ್ಟು ರುಬ್ಬುವವರು, ಹಪ್ಪಳ ಒತ್ತುವವರು ಬೇರೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಬಟ್ಟೆ ಒಗೆಯುವ ಯಂತ್ರ ಅಗತ್ಯವೋ ಐಷಾರಾಮವೋ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಬಟ್ಟೆ ಒಗೆಯುವವರು. ಕಲ್ಯಾಣದ ಆ ಮನೆಯಲ್ಲಿ ಸಾಕು ಎಂದವಳು ಲಕ್ಕಮ್ಮ ಎಂಬುದು ಈ ದೃಷ್ಟಿಯಿಂದಲೂ ಗಮನಿಸಬೇಕಾದ ಸಂಗತಿ. ಒಬ್ಬರ ಸರಳತೆ ಇನ್ನೊಬ್ಬರ ಬೆನ್ನಿನ ಮೇಲೆ ನಡೆದರೆ ಅದು ಸಮತೋಲನವಲ್ಲ, ಹೊರೆಯ ವರ್ಗಾವಣೆ.

ಮೂರನೆಯದು ಮಹತ್ವಾಕಾಂಕ್ಷೆಯ ಪ್ರಶ್ನೆ. ದೇಶ ಮುಂದೆ ಬರಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಉದ್ಯಮಿ ಎನ್.ಆರ್. ನಾರಾಯಣಮೂರ್ತಿ 2023ರಲ್ಲಿ ಹೇಳಿದಾಗ ಪರ ವಿರೋಧ ಎರಡೂ ಜೋರಾಗಿ ಕೇಳಿಬಂದವು. ತನ್ನದೇ ಸಂಸ್ಥೆ ಕಟ್ಟುವವರು, ಪ್ರಯೋಗಾಲಯದಲ್ಲಿ ಮುಳುಗಿದವರು, ಯಕ್ಷಗಾನದ ತಿರುಗಾಟದಲ್ಲಿರುವ ಕಲಾವಿದರು ಗಂಟೆ ಲೆಕ್ಕ ಹಾಕದೆ ದುಡಿಯುತ್ತಾರೆ, ಎಷ್ಟೋ ಸಲ ಸಂತೋಷವಾಗಿಯೇ. ಅವರ ಆ ದುಡಿಮೆಯನ್ನು ಕಂತಿನ ಭಯದಿಂದ ಕುರ್ಚಿ ಬಿಡದವರ 70 ಗಂಟೆಯ ಜೊತೆ ಒಂದೇ ತಕ್ಕಡಿಗೆ ಹಾಕಲಾಗದು. ಅಷ್ಟೇಕೆ, ದೊಡ್ಡ ಕನಸಿರುವವರಿಗೇ ಖರ್ಚಿನ ಹಿಡಿತ ಹೆಚ್ಚು ಬೇಕು. ಇರುವ ಕೆಲಸ ಬಿಟ್ಟು ಹೊಸದಕ್ಕೆ ಕೈಹಾಕುವ ಧೈರ್ಯ ಬರುವುದು ತಿಂಗಳ ಖರ್ಚು ಕಡಿಮೆ ಇದ್ದಾಗ.

ಬೇಡಿಕೆಗಳು ಬೆಳೆಯುವ ಬಗೆಯನ್ನು ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದಿದರೊ ತನ್ನನ್ನೇ ಗೇಲಿ ಮಾಡಿಕೊಂಡು ಬರೆದಿದ್ದಾನೆ. ಹಳೆಯ ಮನೆಯಂಗಿಯ ಬದಲು ಸೊಗಸಾದ ಕೆಂಪು ಅಂಗಿಯೊಂದು ಅವನಿಗೆ ಬಂತು. ಅದರ ಮುಂದೆ ಹುಲ್ಲಿನ ಕುರ್ಚಿ ಕಳಾಹೀನವಾಯಿತು, ತೊಗಲಿನದು ಬಂತು. ಮೇಜು ಬದಲಾಯಿತು, ಗೋಡೆಯ ಚಿತ್ರಗಳು ಬದಲಾದವು. ಕೊನೆಗೆ ತಾನು ಹಳೆಯ ಅಂಗಿಗೆ ಯಜಮಾನನಾಗಿದ್ದೆ, ಹೊಸದಕ್ಕೆ ಆಳಾದೆ ಎಂದು ಹಲುಬಿದ. ನಮ್ಮಲ್ಲಿ ಗೃಹಪ್ರವೇಶವಾದ ಮನೆಗಳಲ್ಲಿ ಈ ಸರಪಳಿಯನ್ನು ಕಣ್ಣಾರೆ ನೋಡಬಹುದು: ಹೊಸ ಗೋಡೆಗೆ ಹಳೆಯ ಟಿವಿ ಒಪ್ಪುವುದಿಲ್ಲ, ಹೊಸ ಟಿವಿಗೆ ಹಳೆಯ ಸೋಫಾ ಒಪ್ಪುವುದಿಲ್ಲ. ಸಿಕ್ಕಿದ್ದಕ್ಕೆ ಮನಸ್ಸು ಬೇಗ ಒಗ್ಗಿಹೋಗುತ್ತದೆ. ಹೊಸತರ ಖುಷಿ ಹೋದ ಮೇಲೂ ಕಂತು ಮಾತ್ರ ಉಳಿದಿರುತ್ತದೆ.

ಎಲ್ಲವನ್ನೂ ವ್ಯಕ್ತಿಯ ಸಂಯಮಕ್ಕೆ ಬಿಡುವಂತಿಲ್ಲ. ನಮ್ಮ ಅಗತ್ಯಗಳಲ್ಲಿ ಬಹುಪಾಲು ಸುತ್ತಲಿನವರು ನಿಗದಿಪಡಿಸಿದವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದ್ದ ಎರಡರಲ್ಲಿ ಮದುವೆಯನ್ನೇ ತೆಗೆದುಕೊಳ್ಳಿ. ಛತ್ರದ ಮುಂಗಡ, ಒಡವೆ, ಎಲೆಗೆ ಇಷ್ಟೆಂದು ಅಡುಗೆಯವರ ಲೆಕ್ಕ, ವಿಡಿಯೊದವರು, ನೆಂಟರಿಗೆ ಸೀರೆ. ಇವುಗಳಲ್ಲಿ ಒಂದನ್ನು ಕೈಬಿಡಲು ಮದುಮಕ್ಕಳಿಬ್ಬರೂ ಒಪ್ಪಿದರೂ ಜನ ಏನೆಂದಾರು ಎಂಬ ಮಾತಿಗೆ ಉತ್ತರವಿರುವುದಿಲ್ಲ. ಕುವೆಂಪು ಮಂತ್ರಮಾಂಗಲ್ಯವೆಂಬ ಸರಳ ಮದುವೆಯ ಪದ್ಧತಿಯನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನೇ ಆ ರೀತಿ ನಡೆಸಿದ್ದರ ಮಹತ್ವ ಇರುವುದು ಇಲ್ಲಿ. ಅದು ಬರೀ ಖರ್ಚಿನ ಉಳಿತಾಯವಲ್ಲ. ಹೀಗೂ ಮದುವೆಯಾಗಬಹುದು, ಮರ್ಯಾದೆ ಹೋಗುವುದಿಲ್ಲ ಎಂಬ ಮಾದರಿ. ಆ ಮೇಲ್ಪಂಕ್ತಿ ಎದುರಿಗಿದ್ದರೆ ಮುಂದಿನ ಅಪ್ಪ ಅಮ್ಮಂದಿರಿಗೆ ಸಾಲ ಬೇಡವೆನ್ನುವುದು ಸುಲಭ. ಸರ್ಕಾರದ ಪಾಲೂ ಇದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಕಾರು ಆಸೆಯಾಗಿಯೇ ಉಳಿಯುತ್ತದೆ, ಬಾರದಿದ್ದರೆ ಅಗತ್ಯವಾಗುತ್ತದೆ. ಪಕ್ಕದ ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಜೂನ್ ತಿಂಗಳು ಹೆದರಿಸುವುದಿಲ್ಲ. ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಜಾರಿಯಾದ ಮೇಲೆ ದೂರದ ಕೆಲಸಕ್ಕೆ ಹೋಗುವ ಎಷ್ಟೋ ಹೆಂಗಸರ ತಿಂಗಳ ಲೆಕ್ಕದಿಂದ ಸರ್ಕಾರಿ ಬಸ್ಸಿನ ಚಾರ್ಜು ಮಾಯವಾಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದಿರುವುದು, ಯಾವುದರಲ್ಲೂ ರುಚಿ ಇಲ್ಲದಿರುವುದು, ಬದುಕೇ ಬೇಡವೆನಿಸುವುದು ಆಸೆ ಕಡಿಮೆ ಮಾಡಿಕೊಂಡರೆ ಹೋಗುವಂಥವಲ್ಲ. ಅವು ಕಾಯಿಲೆಯ ಲಕ್ಷಣಗಳಾಗಿರಬಹುದು, ಚಿಕಿತ್ಸೆ ಇದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸಂತೋಷದ ಮಾತು. ಅಗತ್ಯಕ್ಕೆ ತಕ್ಕ ಬದುಕೆಂದರೆ ಸಪ್ಪೆ ಸಾರು, ಒರಟು ಬಟ್ಟೆ ಎಂದು ಭಾವಿಸಬೇಕಿಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿದ ತೇಜಸ್ವಿ ಮೂಡಿಗೆರೆಯ ಕಡೆ ಹೋಗಿ ನೆಲೆಸಿದರು. ಮೀನು ಹಿಡಿದರು, ಹಕ್ಕಿಗಳ ಫೋಟೊ ತೆಗೆಯಲು ಗಂಟೆಗಟ್ಟಲೆ ಕಾದರು, ಬರೆದರು, ಕನ್ನಡ ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಂಡರು. ಅವರಿಗೆ ಕಾಫಿ ತೋಟವಿತ್ತು, ಒಳ್ಳೆಯ ಕ್ಯಾಮೆರಾ ಇತ್ತು, ಅವರದು ಸನ್ಯಾಸವಲ್ಲ. ತನಗೆ ಯಾವುದು ಬೇಕು ಎಂಬುದು ಸ್ಪಷ್ಟವಿದ್ದವರು ಅದಕ್ಕೆ ಧಾರಾಳವಾಗಿ ಖರ್ಚು ಮಾಡಿ, ಉಳಿದದ್ದಕ್ಕೆ ಬೆನ್ನು ಹಾಕಬಲ್ಲರು. ಹಬ್ಬಕ್ಕೊಂದು ಹೋಳಿಗೆ, ಮಗಳ ಸಂಗೀತದ ಪಾಠ, ಗೆಳೆಯರ ಜೊತೆಗಿನ ಪ್ರವಾಸ ಅಗತ್ಯದ ಪಟ್ಟಿಯಲ್ಲಿ ಧೈರ್ಯವಾಗಿ ಬರಲಿ. ಪಟ್ಟಿಯಿಂದ ಹೊರಗಿಡಬೇಕಾದ್ದು ನೋಡುವವರ ಕಣ್ಣಿಗಾಗಿ ತಂದದ್ದನ್ನು.

ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಇದು ಕೈಗೆಟುಕುತ್ತದೆಯೇ ಎಂದು ಕೇಳಿಕೊಂಡರೆ ಸಾಲದು, ಕಂತಿನ ಕಾಲದಲ್ಲಿ ಎಲ್ಲವೂ ಕೈಗೆಟುಕುತ್ತದೆ. ಇದಕ್ಕಾಗಿ ಎಷ್ಟು ವರ್ಷ ಬೇಡದ ಮಾತಿಗೂ ಹೂಂ ಎನ್ನಬೇಕಾಗುತ್ತದೆ ಎಂದು ಕೇಳಿಕೊಳ್ಳಬೇಕು. ಈ ಅಭ್ಯಾಸಕ್ಕೆ ತಕ್ಕ ಹೊತ್ತು ಸಂಬಳ ಏರಿದ ತಿಂಗಳು. ಏರಿದ್ದರಲ್ಲಿ ಅರ್ಧವನ್ನಾದರೂ ಯಾವ ಕಂತಿಗೂ ಯಾರ ಮಾತಿಗೂ ಕಟ್ಟದೆ ಬಿಟ್ಟರೆ, ಕೆಲವು ವರ್ಷಗಳಲ್ಲಿ ಕೆಲವು ತಿಂಗಳ ಖರ್ಚು ಕೈಯಲ್ಲಿರುತ್ತದೆ. ಆಗ ರಾತ್ರಿ ಹತ್ತರ ಕರೆಗೆ ನಾಳೆ ಬೆಳಿಗ್ಗೆ ಮಾತಾಡೋಣ ಸರ್ ಎನ್ನಲು ವಿಶೇಷ ಧೈರ್ಯವೇನೂ ಬೇಕಾಗುವುದಿಲ್ಲ.