ಪ್ಲಾಸ್ಟಿಕ್ ನೋಟು ಬಂದ್ರೆ ಸಾಕೇ? ನೋಡೋ ಕಣ್ಣೂ ಬೇಕು



ನಾಣ್ಯ, ಅಂಚೆಚೀಟಿ ಕೂಡಿಸುವವರ ಹಾಗೆ ಈಗ ಪಾಲಿಮರ್ ನೋಟು, ಅಂದರೆ ಪ್ಲಾಸ್ಟಿಕ್ ಹಾಳೆಯ ನೋಟು ಕೂಡಿಸುವವರೂ ಇದ್ದಾರೆ. ನಮ್ಮ ದೇಶದಲ್ಲೂ ಅಂಥ ನೋಟು ಬಂದ್ರೆ ಖೋಟಾ ನೋಟಿನ ಕಾಟ ಮುಗೀತು ಅನ್ನೋರು ಬಹಳ. ಇದು ಅರ್ಧ ಸತ್ಯ ಮಾತ್ರ ಎಂಬುದು ನನ್ನ ಅಭಿಪ್ರಾಯ.

1966ರಲ್ಲಿ ಆಸ್ಟ್ರೇಲಿಯಾ ಹೊಸ ಡಾಲರ್ ನೋಟು ತಂದಿತು. ವರ್ಷ ತುಂಬುವ ಮೊದಲೇ 10 ಡಾಲರಿನ ಖೋಟಾ ನೋಟು ಬಂದವು. ಅಲ್ಲಿನ ರಿಸರ್ವ್ ಬ್ಯಾಂಕು ವಿಜ್ಞಾನಿಗಳ ನೆರವು ಕೇಳಿತು. ಇಪ್ಪತ್ತು ವರ್ಷದ ದುಡಿಮೆಯ ಮೇಲೆ, 1988ರಲ್ಲಿ, ಇಂದಿನ ಮಾದರಿಯ ಪಾಲಿಮರ್ ನೋಟು ಹೊರಬಂತು. ಇದರ ಹಾಳೆ ಪಾಲಿಪ್ರೊಪಿಲೀನ್. ಬಿಸ್ಕತ್ತಿನ ಪೊಟ್ಟಣಗಳಲ್ಲೂ ಇದೇ ಜಾತಿಯ ಹಾಳೆ ಇರುತ್ತದೆ. ಪಾರದರ್ಶಕ ಹಾಳೆಯ ಎರಡೂ ಕಡೆ ಬಿಳಿ ಬಣ್ಣ ಬಳಿದು, ಒಂದು ಕಡೆ ಮಾತ್ರ ಬರಿದಾಗಿ ಬಿಡುತ್ತಾರೆ. ಅದೇ ಕಿಟಕಿ. ಕಾಗದದ ಮೇಲೆ ಎಷ್ಟೇ ಚೆನ್ನಾಗಿ ನಕಲು ತೆಗೆದರೂ ಆ ಕಿಟಕಿ ಬರೋದಿಲ್ಲ. ನೀರು ಹೀರುವುದಿಲ್ಲ, ಬೇಗ ಹರಿಯುವುದಿಲ್ಲ. ಆದರೆ ಬಿಸಿ ಇಸ್ತ್ರಿ ತಾಗಿದರೆ ಮುದುಡುತ್ತದೆ!

ನಮ್ಮ ನೆರೆಯ ಶ್ರೀಲಂಕಾ 1998ರಲ್ಲಿ, ಬಾಂಗ್ಲಾದೇಶ 2000ದಲ್ಲಿ, ನೇಪಾಳ 2002ರಲ್ಲಿ ಪಾಲಿಮರ್ ನೋಟು ತಂದವು. ನಮ್ಮಲ್ಲಿ 10 ರೂಪಾಯಿಯ 100 ಕೋಟಿ ನೋಟುಗಳನ್ನು ಐದು ಊರುಗಳಲ್ಲಿ ಪರೀಕ್ಷಿಸುವ ಯೋಜನೆಯನ್ನು ಸರ್ಕಾರ 2014ರಲ್ಲಿ ಸಂಸತ್ತಿಗೆ ತಿಳಿಸಿತ್ತು. ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರದ ಜೊತೆ ನಮ್ಮ ಮೈಸೂರಿನ ಹೆಸರೂ ಇತ್ತು. ಹವಾಮಾನ ಬೇರೆ ಬೇರೆ ಇರುವ ಊರುಗಳನ್ನೇ ಆರಿಸಿದ್ದರು. ಆದರೂ ಆ ನೋಟು ಜನರ ಕೈಗೆ ಬರಲಿಲ್ಲ.

ಹಾಗಾಗಿ ಇಂದಿಗೂ ನಮ್ಮ ಕೈಯಲ್ಲಿರುವುದು ಹತ್ತಿಯ ನೋಟು. ಇಚಲಕರಂಜಿಯ ಮಗ್ಗಗಳಲ್ಲಿ ಬಟ್ಟೆಯಾಗುವ ಹತ್ತಿಯ ನಾರೇ ಇದರ ಕಾಗದಕ್ಕೂ ಮೂಲ. ಅದಕ್ಕೇ ಜೇಬಿನಲ್ಲಿ ನೆನೆದರೂ ಕೂಡಲೇ ಕರಗುವುದಿಲ್ಲ. ಇದರಲ್ಲೂ ರಕ್ಷಣೆಯ ಗುರುತು ಕಡಿಮೆ ಏನಿಲ್ಲ. ಹೊಸ 100ರ ನೋಟನ್ನು ಓರೆ ಮಾಡ್ರಿ, ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಬೆಳಕಿಗೆ ಹಿಡೀರಿ, ಗಾಂಧೀಜಿಯ ನೀರುಗುರುತು ಕಾಣುತ್ತದೆ. ಅಂಚು ಸವರಿ ನೋಡ್ರಿ, ಉಬ್ಬು ಗೆರೆಗಳು 100ಕ್ಕೆ ನಾಲ್ಕು, 500ಕ್ಕೆ ಐದು. ಕಣ್ಣು ಕಾಣದವರಿಗೂ ನೋಟು ಗೊತ್ತಾಗಲಿ ಎಂದು ಇವನ್ನು ಇಟ್ಟಿದ್ದಾರೆ.

ಇಷ್ಟೆಲ್ಲ ಇದ್ದೂ ಸಂತೆಯಲ್ಲಿ ನೋಟನ್ನು ಓರೆ ಮಾಡಿ ನೋಡುವವರು ಎಷ್ಟು ಮಂದಿ? ಖೋಟಾ ನೋಟು ಬ್ಯಾಂಕಿಗೆ ಹೋದರೆ ಅಲ್ಲಿ ಅದನ್ನು ಮುಟ್ಟುಗೋಲು ಹಾಕುತ್ತಾರೆ, ಬದಲಿ ಹಣ ಕೊಡುವುದಿಲ್ಲ. ನಷ್ಟ ಕೊನೆಗೆ ಹಿಡಿದವನದು. ಆತ ತರಕಾರಿ ಮಾರುವವನಿರಬಹುದು, ಮಗ್ಗದ ಪಗಾರ ತಂದವನಿರಬಹುದು. ಪಾಲಿಮರ್ ನೋಟಿಗೂ ಖೋಟಾ ಹುಟ್ಟಿವೆ. ಕಿಟಕಿ ಇದ್ದರೂ ನೋಡುವವರಿಲ್ಲದಿದ್ದರೆ ಏನು ಬಂತು?

ಆದ್ದರಿಂದ ನೋಟು ಕೂಡಿಸುವ ಹವ್ಯಾಸ ನಮ್ಮ ಶಾಲೆಗಳಲ್ಲಿ ಬೆಳೆಯಲಿ. ಆದರೆ ಅದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಸಂಗ್ರಹ ಆಗಬಾರದು. ದುಬಾರಿ ವಿದೇಶಿ ನೋಟು ಕೊಳ್ಳುವುದೂ ಬೇಡ. ಮನೆಯ ನೋಟು, ಒಂದು ಭೂತಗನ್ನಡಿ, ಒಂದು ವಹಿ ಸಾಕು. ಯಾವ ಗುರುತು ಎಲ್ಲಿದೆ, ಯಾವ ನಕಲನ್ನು ತಡೆಯುತ್ತದೆ ಎಂದು ಬರೆದಿಡ್ರಿ. ನೋಟಿನ ಜೆರಾಕ್ಸ್ ಮಾತ್ರ ಮಾಡಬೇಡ್ರಿ, ನೋಟನ್ನು ಹೋಲುವ ಪ್ರತಿ ಮಾಡುವುದು ಅಪರಾಧ.

ವಿನ್ಯಾಸವನ್ನೂ ನೋಡ್ರಿ. ಹೊಸ 50ರ ಹಿಂದೆ ಹಂಪಿಯ ಕಲ್ಲಿನ ರಥ, 20ರ ಹಿಂದೆ ವೇರೂಳದ ಗುಹೆ. ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, ಮರಾಠಿ ಎಂಟನೆಯದು. ಕೊರೋಚಿಯಂಥ ಗಡಿಭಾಗದ ಊರಿನ ಮಕ್ಕಳು ಎರಡನ್ನೂ ಓದಬಲ್ಲರು. ಈ ವಾರ ಮನೆಯ ಹಿರಿಯರಿಗೆ ಮೂರು ಗುರುತುಗಳನ್ನು ತೋರಿಸಿಕೊಡ್ರಿ. ಕನ್ನಡದಲ್ಲೂ ಹೇಳ್ರಿ, ನೆರೆಮನೆಗೆ ಮರಾಠಿಯಲ್ಲೂ ಹೇಳ್ರಿ.