ಅರಮನೆ ರಕ್ತ ಬ್ಯಾಡ, ಮರಿಯ ಅವ್ವನ್ನ ತೋರಸ್ರಿ

ಮುಧೋಳ ನಾಯಿ ಮರಿ ಮಾರೋರು ಕೆಲವರು ಈಗ ಒಂದ ಮಾತು ಹಿಡದಾರ: "ಇದು ಅರಮನೆ ರಕ್ತ ರೀ. ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕೊಟ್ಟ ನಾಯಿಗಳ ಕುಲದ್ದು." ಇಷ್ಟಂದು ರೇಟು ಏರಸ್ತಾರ. ಮಹಾರಾಜರು ಕೊಟ್ಟದ್ದು ಖರೆ. ಆದ್ರ ಆ ಮಾತಿಗೆ ನೀವು ರೊಕ್ಕ ಕೊಡೋದು ದಂಡ.

ಲೆಕ್ಕ ಹಾಕ್ರಿ. ಮರಿಗೆ ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ. ನಾಲ್ಕು ಮಂದಿ ಅಜ್ಜ-ಅಜ್ಜಿಯರಿಂದ ಸರಾಸರಿ ಕಾಲು ಕಾಲು. ಐದನೇ ತಲೆಮಾರಿಗೆ ಹಿರಿಯರು 32, ಒಂದೊಂದರ ಪಾಲು ನೂರಕ್ಕ ಮೂರು. ಹತ್ತನೇದಕ್ಕ 1,024. ಪಾಲು ಸಾವಿರಕ್ಕ ಒಂದೂ ಪೂರಾ ಇಲ್ಲ. ಜಾರ್ಜ್ ದೊರೆ ತೀರಿದ್ದು 1936ರಾಗ. ತಲೆಮಾರಿಗೆ ನಾಲ್ಕು ವರ್ಷ ಹಿಡದ್ರೂ ಇವತ್ತಿಗೆ 20 ದಾಟ್ಯಾವ. 20ನೇ ತಲೆಮಾರಿನಾಗ ಹಿರಿಯರ ಜಾಗ ಹತ್ತು ಲಕ್ಷಕ್ಕೂ ಹೆಚ್ಚು. ಅಷ್ಟು ನಾಯಿ ಆಗ ಎಲ್ಲಿದ್ದವು? ಇದ್ದ ನಾಯಿಗಳ ಹೆಸರ ಮತ್ತ ಮತ್ತ ಬರಬೇಕು. ಅಂದ್ರ ಅರಮನೆ ರಕ್ತದ ಹನಿ ಇವರ ಮರ್‍ಯಾಗ ಇದ್ರ ನಿಮ್ಮ ಹೊಲದ ನಾಯ್ಯಾಗೂ ಇರಬಹುದು. ಎಲ್ಲಾರ ಮನ್ಯಾಗ ಇರೋದಕ್ಕ ಜಾಸ್ತಿ ರೇಟು ಯಾಕ?

"ಹಂಗಾದ್ರ ಹಳೇ ಹೆಸರು ನೋಡೋದ ಬ್ಯಾಡೇನು?" ಅಂತ ಕೇಳಬಹುದು. ಒಂದು ಕಾರಣಕ್ಕ ನೋಡ್ರಿ. ಒಂದ ನಾಯಿ ಅಪ್ಪನ ಕಡೆಗೂ ಅವ್ವನ ಕಡೆಗೂ ಹತ್ತಿರದಾಗ ಬಂದೈತೇನು? ಬಂದಿದ್ರ ಅದರೊಳಗ ಅಡಗಿದ್ದ ದೋಷ ಎರಡೂ ಕಡೆಯಿಂದ ಇಳದು ಮರಿಯಾಗ ಹೊರಗ ಬೀಳಬಹುದು. ಅಪ್ಪ-ಮಗಳನ್ನ ಕೂಡಿಸಿದ್ರ ಮರಿಯ ವಂಶವಾಹಿ ಜೋಡಿಗಳಾಗ ಸರಾಸರಿ ನಾಕಕ್ಕ ಒಂದು ಒಂದ ಮೂಲದ್ದಾಗಿರತೈತಿ. "ಎರಡೂ ಕಡೆ ಅದ ರಕ್ತ" ಅಂತ ಮಾರೋನು ಎದಿ ತಟ್ಟಿದ್ರ, ಅದು ಹೆಮ್ಮೆ ಅಲ್ಲ, ಎಚ್ಚರಿಕೆ.

ಇನ್ನೊಂದು ಮಾತು. ಅಜ್ಜನ ಅಜ್ಜ ಮೊಲ ಹಿಡದಿದ್ರ ಏನಾತು? ನಡುವಿನ ತಲೆಮಾರುಗಳನ್ನ ಓಟ ನೋಡದ, ಬರೇ ಬಣ್ಣ ನೋಡಿ ಕೂಡಿಸಿದ್ರ ಆ ಗುಣ ಉಳಿಯೋ ಖಾತ್ರಿ ಇಲ್ಲ. ಜ್ವಾಳದ ಬೀಜ ವರ್ಷಾ ತೆನಿ ನೋಡಿ ಆರಿಸ್ತೀವಲ್ಲ, ಹಂಗ.

ಎತ್ತು ಕೊಳ್ಳುವಾಗ ಹಲ್ಲು, ಗೊರಸು, ನಡಿಗಿ ನೋಡತೀರಿ. ಅದರ ಮುತ್ತಜ್ಜ ಯಾವ ಜಾತ್ರ್ಯಾಗ ಗೆದ್ದಿತ್ತು ಅಂತ ಕೇಳತೀರೇನು? ನಾಯಿಗೂ ಅದ ನ್ಯಾಯ. ಅವ್ವನ್ನ ಕಣ್ಣಾರೆ ನೋಡ್ರಿ, ಅಪ್ಪನ್ನ ಓಡಿಸಿ ನೋಡ್ರಿ, ಹಿಂದಿನ ಸೂಲಿನ ಮರಿ ಎಷ್ಟು ಬದುಕ್ಯಾವ ಕೇಳ್ರಿ. ತಿಮ್ಮಾಪುರದ ಸಂಶೋಧನಾ ಕೇಂದ್ರಕ್ಕ ಹೋದ್ರೂ ಇದನ್ನ ಕೇಳ್ರಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂದಾರ ಹಿರ್‍ಯಾರು. ಅರಮನೆ ಮುತ್ತಜ್ಜಿಯಂತೆ ಅಂದಿಲ್ಲ.